ಬಲಗಡೆಯ ಲಿವರ್

ಬಸ್ಸು ಓಡಿಸಿ ನಿವೃತ್ತನಾದವನಿಗೆ ಬೀದಿಯವರು ಇಟ್ಟ ಹೆಸರು ಪೈಲಟಪ್ಪ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಎರಡು ಕುರ್ಚಿ ಹಾಕಿಕೊಂಡು, ಸಂಜೆ ಹೊತ್ತು ಗಂಡಹೆಂಡತಿ ಎರಡು ಎಂಜಿನ್ನಿನ ಜೆಟ್ ವಿಮಾನ ಹಾರಿಸುತ್ತಿದ್ದರು. ತೆರೆಯ ಮೇಲಿನ ಸುಳ್ಳು ವಿಮಾನವೇ, ಆದರೂ ಕೆಲಸ ಹಂಚಿಕೊಂಡಿದ್ದರು. ಎಡಗುರ್ಚಿ, ಚುಕ್ಕಾಣಿ ಅವನದು. ಬಲಗುರ್ಚಿ ಅವಳದು, ಎಂಜಿನ್‌ಗಳಿಗೆ ಶಕ್ತಿ ಕೊಡುವ, ಮೇಜಿಗೆ ಬಿಗಿದ ಎರಡು ಲಿವರೂ ಅವಳವೇ.

ಅವಳು ತೀರಿಕೊಂಡಾಗ ಅವನು ಅಳಲಿಲ್ಲ. ಮಾತಾಡಿಸಿದರೆ ತಲೆಯಾಡಿಸಿದ, ತಟ್ಟೆ ಇಟ್ಟರೆ ಉಂಡ. ಸಂಜೆ ಒಬ್ಬನೇ ವಿಮಾನ ಹಾರಿಸಿದ. ಉಳಿದದ್ದು ಅದೊಂದು, ಅದೂ ಕೈಕೊಟ್ಟಿತು. ಎಡ ಎಂಜಿನ್ನಿನ ಶಾಖದ ಮುಳ್ಳು ಬಲದ್ದಕ್ಕಿಂತ ಸದಾ ಮೇಲೆ, ಮೂತಿ ಬಲಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ.

ಅಕ್ಕನ ಬಟ್ಟೆ ಮಡಿಸಿಡಲು ಬಂದಿದ್ದ ನಾದಿನಿ ಬಾಗಿಲಲ್ಲಿ ನಿಂತಳು. ವಿಮಾನ ಬ್ರೇಕ್ ಹಾಕಿಕೊಂಡು ರನ್‌ವೇ ತುದಿಯಲ್ಲಿ ಮೊರೆಯುತ್ತಿತ್ತು. ಎಂಜಿನ್ ಕಾಯುತ್ತಿದೆ ಎಂದು ಅವನು ಗೊಣಗುತ್ತಿದ್ದ.

"ನೆಲ ಬಿಟ್ಟು ಏಳದ ವಿಮಾನಕ್ಕೂ ಜ್ವರ ಬರುತ್ತಾ ಭಾವ?"

"ಒಂದು ಕಡೆಗೆ ಬಂದಿದೆ."

"ಅಕ್ಕ ಇದ್ದಾಗ ಬರ್ತಿತ್ತಾ?"

"ಇಲ್ಲ."

ಅವನು ಒಂದೊಂದೇ ನೋಡುತ್ತ ಬಂದ. ಮಂಜುಗಡ್ಡೆ ಕರಗಿಸಲು ಎಂಜಿನ್ನಿನಿಂದ ಬಿಸಿಗಾಳಿ ಎಳೆಯುವ ಸ್ವಿಚ್ಚು ಎರಡು ಕಡೆಯೂ ಆರಿತ್ತು, ಶಾಖ ಏರಲು ಅದು ಕಾರಣವಲ್ಲ. ಇಂಧನ ಮಾತ್ರ ಎಡಕ್ಕೆ ಹೆಚ್ಚು ಹೋಗುತ್ತಿತ್ತು. ಕಡೆಗೆ ಎರಡೂ ಎಂಜಿನ್ನನ್ನು ಎಡ ಲಿವರ್ ಒಂದಕ್ಕೇ ಜೋಡಿಸಿದ. ಮುಳ್ಳುಗಳು ಸಮನಾಗಿ ನಿಂತವು. ಅಂದರೆ ಎಂಜಿನ್ ಸರಿಯಾಗಿಯೇ ಇತ್ತು. ಬಲ ಲಿವರ್ ಒಳಗೆ ಸವೆದು, ತಳ್ಳಿದ್ದಕ್ಕಿಂತ ಕಡಿಮೆಯೆಂದು ಕಂಪ್ಯೂಟರಿಗೆ ತೋರಿಸುತ್ತಿತ್ತು.

"ಹಾಗಾದ್ರೆ ಅಕ್ಕ ಹೇಗೆ ಮಾಡ್ತಿದ್ಲು?"

ಅವನು ಜೋಡಣೆ ಮೊದಲಿನಂತೆ ಮಾಡಿ, ಬಲ ಲಿವರನ್ನು ಉಗುರಿನಷ್ಟು ಮುಂದೆ ತಳ್ಳಿದ. ಮುಳ್ಳುಗಳು ಕೂಡಿದವು.

"ಹೀಗೆ. ಸೊಟ್ಟ ಹಿಡೀತೀಯ ಅಂತ ನಾನು ಆಡ್ಕೊಳ್ತಿದ್ದೆ. ನಗ್ತಿದ್ಲು."

"ಅವಳು ಹಾಗೇ. ತವರಲ್ಲಿ ಒಂದು ಬಾಗಿಲು ಸಿಕ್ಕಿಕೊಳ್ತಿತ್ತು. ರಿಪೇರಿ ಮಾಡ್ಸಿ ಅಂತ ಒಂದಿನ ಬಾಯಿ ಬಿಡಲಿಲ್ಲ. ಎತ್ತಿ ಹಾಕೋದು ಕಲ್ತ್ಕೊಂಡ್ಲು."

ಸವೆತ ಸರಿದೂಗುವಂತೆ ಲಿವರ್‌ಗಳನ್ನು ಹೊಸದಾಗಿ ಅಳೆಯಿಸುವ ಪುಟವನ್ನು ಅವನು ತೆರೆಯ ಮೇಲೆ ತಂದ. ಚುಕ್ಕಾಣಿಯನ್ನೂ ಹಿಡಿದು, ಆ ಉಗುರಿನಂತರವನ್ನೂ ಕಾಯುವುದು ಒಬ್ಬನಿಂದ ಆಗದು. ಅಳೆಯಿಸಿದರೆ ಅವಳ ಬೆರಳಿಗೆ ಈ ಕೋಣೆಯಲ್ಲಿ ಕೆಲಸವಿರುವುದಿಲ್ಲ.

"ಹಾಗೇ ಬಿಡಿ ಭಾವ. ಬೇಕಾದ್ರೆ ನಾನು ಬಂದು ಹಿಡ್ಕೊಳ್ತೀನಿ."

"ನಿನಗೆ ಬಸ್ಸಲ್ಲೇ ವಾಂತಿ."

"ಇದು ಅಲ್ಲಾಡಲ್ವಲ್ಲ."

ಅವನು ಬಲ ಲಿವರನ್ನು ಪೂರಾ ಮುಂದೆ ತಳ್ಳಿದ, ಪೂರಾ ಹಿಂದೆ ಎಳೆದ. ಹಳೆಯ ಅಳತೆ ಅಳಿಸಲೇ ಎಂದು ಯಂತ್ರ ಕೇಳಿತು. ಒತ್ತಿದ. ಆಮೇಲೆ ಎರಡನ್ನೂ ಒಟ್ಟಿಗೆ ತಳ್ಳಿದರೆ, ಎರಡು ಮುಳ್ಳೂ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಒಟ್ಟಿಗೆ ಏರಿದವು.

"ಸರಿಹೋಯ್ತಾ ಭಾವ?"

"ಹೋಯ್ತು."

ರನ್‌ವೇ ಮುಂದೆ ಖಾಲಿ ಬಿದ್ದಿತ್ತು. ಅವನು ಬ್ರೇಕ್ ಬಿಡಲಿಲ್ಲ.