ಅತ್ತೆಯ ಅರ್ಧ ಮೀನು

ಪಕ್ಕದ ಮೇಜಿನಲ್ಲಿ ಯಾರೋ ಸುಟ್ಟ ಮೀನಿನ ಮೇಲೆ ನಿಂಬೆಹಣ್ಣು ಹಿಂಡಿದರು. ಮಂಗಳೂರು ವಿಮಾನ ನಿಲ್ದಾಣದ ಬಾರ್ ಆಂಡ್ ಗ್ರಿಲ್‌ನಲ್ಲಿ ಮುಂಬೈ ವಿಮಾನಕ್ಕೆ ಕಾಯುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ಅತ್ತೆ ನೆನಪಾದರು...

ಅತ್ತೆ ಎಂದರೆ ನೆಂಟರಲ್ಲ, ಕುಂದಾಪುರದ ಹತ್ತಿರ ಬೀಜಾಡಿಯಲ್ಲಿ ನಮ್ಮ ಬೇಲಿಯಾಚೆ ಇದ್ದವರು. ಅವರು ಬಂಗುಡೆ ಹುರಿದರೆ ನಮ್ಮನೆಯಲ್ಲಿ ಗಂಜಿ ಎರಡು ತಟ್ಟೆ ಹೆಚ್ಚಿಗೆ ಖರ್ಚಾಗುತ್ತಿತ್ತು. ಬಾಯಿಯೋ, ದೇವರೇ! ಇಡೀ ಕೇರಿಗೆ ಕೇಳಬೇಕು. ಅಂಥ ಬಾಯಿ ಒಂದು ವರ್ಷ ಇದ್ದಕ್ಕಿದ್ದಂತೆ ಕಟ್ಟಿಹೋಯಿತು. ಹೃದಯದ ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಮುಂಬೈಯಲ್ಲಿದ್ದ ಮಗಳು ಅಲ್ಲೇ ಎಲ್ಲ ಏರ್ಪಾಡು ಮಾಡಿದ್ದಳು. ವ್ಯಾಪಾರದ ಕೆಲಸಕ್ಕೆ ಅಲ್ಲಿಗೇ ಹೊರಟಿದ್ದ ನನಗೆ ಅತ್ತೆಯನ್ನು ಒಪ್ಪಿಸಿದ್ದರು. ಹೋದರೆ ತಿರುಗಿ ಬರುವುದಿಲ್ಲ ಎಂದು ಅತ್ತೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು. ಹೊರಟ ದಿನ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ವಿಮಾನ ನಿಲ್ದಾಣದ ತಪಾಸಣೆ ಮುಗಿದ ಮೇಲೂ "ನನ್ನ ಮನಿಗ್ ಬಿಡ್" ಎಂದು ಒಂದೇ ಹಟ.

ಕೂರಲು ಜಾಗವಿದ್ದದ್ದು ಇದೇ ಬಾರಿನಲ್ಲಿ ಮಾತ್ರ. ಬೋರ್ಡು ಓದಿ ಹೇಳಿದೆ. ಅತ್ತೆ ಬಾಗಿಲಲ್ಲೇ ನಿಂತರು.

"ಬಾರಿಗೆ ಗ್ರಿಲ್ ಎಂತಕ್ಕ್ ಮಾರಾಯ? ಕುಡ್ದವ್ರ್ ತಪ್ಸ್ಕಂಡ್ ಹೋಪುಕಾಗ ಅಂದೇಳಿಯಾ?"

ನಮ್ಮೂರಲ್ಲಿ ಗ್ರಿಲ್ ಎಂದರೆ ಜಗಲಿಗೆ ಹಾಕಿಸುವ ಕಬ್ಬಿಣದ ಸರಳು ತಾನೇ! ನಾನು ಬಿದ್ದು ಬಿದ್ದು ನಕ್ಕೆ. ಇದು ಮೀನು ಸುಡುವ ಗ್ರಿಲ್ಲು ಎಂದು ಬಿಡಿಸಿ ಹೇಳಿದಾಗ ಅತ್ತೆಗೂ ನಗು ತಡೆಯಲಿಲ್ಲ. ಮೀನು ಎಂದ ಮೇಲೆ ಕೇಳಬೇಕೆ, ಒಳಗೆ ಬಂದು ಕೂತರು.

ನಾನು ಬಿಯರಿಗೆ ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದೆ. "ಕುಡಿ ಮಾರಾಯ, ನಿನ್ನ ಅಮ್ಮನ ಹತ್ರ ಹೇಳುದಿಲ್ಲೆ" ಎಂದರು. (ತಿರುಗಿ ಊರಿಗೆ ಬಂದು ಅತ್ತೆ ಮೊದಲು ಹೇಳಿದ್ದೇ ಅದನ್ನು!) ಮೀನು ಬಂತು. ಒಂದು ಚೂರು ಬಾಯಿಗಿಟ್ಟು ಮುಖ ಕಿವುಚಿದರು. "ಪಾಪದ್ ಮೀನ್... ಮೆಣ್ಸೇ ತಾಗ್ಸ್ಲಿಲ್ಲೆ ಇದ್ಕೆ." ಬೈಯುತ್ತಲೇ ಅರ್ಧ ಮುಗಿಸಿದರು. ಆಮೇಲೆ ಕೈ ನಿಂತಿತು. ಕಣ್ಣು ತುಂಬಿತ್ತು. ವಿಮಾನಕ್ಕೆ ಕರೆದದ್ದು ಕೇಳಿಸಿತು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ವೇಟರನನ್ನು ಕರೆದರು.

"ಹ್ವಾಯ್, ಇದನ್ನ್ ಮುಚ್ಚಿ ಇಡಿ. ನಾ ವಾಪಸ್ ಬಪ್ಪತಿಗೆ ತಿಂತೆ."

ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅತ್ತೆ ಎದ್ದು ನನಗಿಂತ ಮುಂದೆ ನಡೆದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತಿರುಗಿ ಬರುವಾಗ ಮಗಳು ರೈಲಿನಲ್ಲಿ ಕುಂದಾಪುರಕ್ಕೇ ಕರೆದುಕೊಂಡು ಬಂದಳು. ಅರ್ಧ ಮೀನಿನ ಲೆಕ್ಕ ಹಾಗೇ ಉಳಿಯಿತು. ಆಮೇಲೆ ನಾನು ಯಾವಾಗ ಮುಂಬೈಗೆ ಹೊರಟರೂ ಬೇಲಿಯ ಆಚೆಯಿಂದ ಕೂಗು: "ನನ್ನ ಅರ್ಧ ಮೀನ್ ಇತ್ತಾ ಕಂಡ್ಕಂಡ್ ಬಾ!" ಎಷ್ಟೋ ವರ್ಷ ಕೂಗಿದರು. ಎಷ್ಟು ಚಂದ ಬದುಕಿದರು...

ಈ ಸಲ ಹೊರಡುವಾಗ ಬೇಲಿಯ ಹತ್ತಿರ ಸುಮ್ಮನೆ ಒಂದು ಗಳಿಗೆ ನಿಂತೆ. ಅತ್ತೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನಾನೂ ಅದೇ ಮೀನು ತರಿಸಿದೆ. ಅರ್ಧ ತಿಂದು ತಟ್ಟೆ ಪಕ್ಕಕ್ಕೆ ಸರಿಸಿದೆ. ತಟ್ಟೆ ತೆಗೆಯಲೇ ಎಂದು ವೇಟರ್ ಕೇಳಿದ. ನನ್ನ ಬಾಯಲ್ಲಿ ಊರಿನ ಮಾತೇ ಬಂತು.

"ಇರ್ಲಿ ಮಾರಾಯ... ಒಬ್ರ್ ಇನ್ನೂ ಬಪ್ಪುಕಿತ್ತ್."