ಜೀವಕೋಶ ಸಾಕುತ್ತಿದ್ದ ಅಕ್ಕ

ಮೊನ್ನೆ ಆಲೂರಿನಲ್ಲಿ ಬಸ್ಸು ಹತ್ತಿದವನೊಬ್ಬ ಅಣಬೆ ಬೆಳೆಯುವ ಚೀಲಗಳನ್ನು ನನ್ನ ಸೀಟಿನ ಪಕ್ಕದಲ್ಲೇ ಇಟ್ಟ. ಬೇಯಿಸಿದ ಭತ್ತದ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ಅಕ್ಕ ನೆನಪಾದಳು. ಒಡಹುಟ್ಟಿದವಳಲ್ಲ. ಹಾಸನದಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಕಂಪನಿಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದೆವು.

ಅಲ್ಲಿ ನಾವು ಪೆನ್ನಿನಷ್ಟು ಸಣ್ಣ ಸೂಕ್ಷ್ಮದರ್ಶಕ ಮಾಡುತ್ತಿದ್ದೆವು. ಬಾಯೊಳಗೆ ಇಟ್ಟರೆ ಸಾಕು, ಚರ್ಮ ಕತ್ತರಿಸದೆಯೇ ಜೀವಕೋಶಗಳು ಕಾಣಬೇಕು. ಹೊಗೆಸೊಪ್ಪು ಜಗಿಯುವವರ ಹುಣ್ಣು ಕ್ಯಾನ್ಸರೋ ಅಲ್ಲವೋ ಗೊತ್ತಾಗಬೇಕು. ಅದರ ತುದಿಯಲ್ಲಿ ಕೂದಲಿನಂಥ ಗಾಜಿನ ಎಳೆ. ಅದು ನಡುವಿನಿಂದ ಹೊರಕ್ಕೆ, ಚಕ್ಕುಲಿ ಒತ್ತಿದ ಹಾಗೆ ಸುತ್ತುತ್ತಾ ಲೇಸರ್ ಬೆಳಕು ಚೆಲ್ಲುತ್ತಿತ್ತು. ಎಳೆಯನ್ನು ಸುತ್ತಿಸುವ ಕೆಲಸ ನನ್ನದು. ತಟ್ಟೆಯಲ್ಲಿ ಕೆನ್ನೆಯ ಜೀವಕೋಶ ಬೆಳೆಸಿ, ಬೆಳಕು ಬಿದ್ದ ಮೇಲೆ ಅವು ಬದುಕಿವೆಯೇ ಎಂದು ನೋಡುವ ಕೆಲಸ ಅಕ್ಕನದು. ಹಸುಗೂಸಿನ ಹಾಗೆ ಸಾಕುತ್ತಿದ್ದಳು...

ಪ್ರತಿ ಸಲವೂ ನಡುವಿನವು ಮಾತ್ರ ಸತ್ತಿರುತ್ತಿದ್ದವು. ಅಂಚಿನವು ಗಟ್ಟಿಯಾಗಿರುತ್ತಿದ್ದವು. ನಡುವೆ ಸುತ್ತು ಚಿಕ್ಕದು, ಎಳೆ ನಿಧಾನ. ಬೆಳಕು ಅದದೇ ಜಾಗಕ್ಕೆ ಬೀಳುತ್ತಿತ್ತು. ಬೆಳಕು ಸುತ್ತುವ ದಾರಿ ಬದಲಿಸಬೇಕೆಂದು ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು.

"ಸರಾಸರಿ ಬೆಳಕು ಮಿತಿಯೊಳಗೇ ಇದೆ," ಎಂದನು ಅವನು.

"ಸರಾಸರಿ ಕಟ್ಕೊಂಡು ಏನಾಗ್ಬೇಕು ಸಾರ್? ನಡೂಮಧ್ಯ ಸುಡ್ತಾ ಐತೆ," ಎಂದಳು ಅಕ್ಕ. "ನಾಳೆ ಈ ಕಡ್ಡಿ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸರ ಬಾಯಿಗೇ ಹೋಗೋದು. ನಮ್ಮವ್ವನೂ ಆ ಸಾಲಲ್ಲಿ ಕೂತಿರ್ತಾಳೆ."

ಮಾರನೆಯ ದಿನ ಅವನು ಎಲ್ಲರನ್ನೂ ಕೂರಿಸಿಕೊಂಡು, ಸಗಣಿ ಬಾಚುವ ಕೊಟ್ಟಿಗೆ ಕೈಯಲ್ಲಿ ಲ್ಯಾಬ್ ಕೆಲಸ ಮಾಡಿದರೆ ಜೀವಕೋಶ ಸಾಯದೆ ಇನ್ನೇನಾಗುತ್ತದೆ ಎಂದ. ಯಾರೋ ನಕ್ಕರು. ಅಕ್ಕನ ಕೆಲಸ ಹೋಯಿತು. ಬಿಸಿಲೆ ಕಡೆ ತಾಯಿಯ ಹತ್ತಿರ ಹೋಗಿ ಅಣಬೆ ಬೆಳೆಯತೊಡಗಿದಳು. ನಾನು ಕಂಪನಿ ಬಿಡಲಿಲ್ಲ. ಸಂಬಳಕ್ಕೆ ಉಳಿದೆ ಎಂದುಕೊಂಡರು ಎಲ್ಲರೂ. ನಾನು ಉಳಿದದ್ದು ಅವನಿಗಾಗಿ.

ಕಾದೆ. ಕಡೆಗೆ ಸಕಲೇಶಪುರದ ಆಸ್ಪತ್ರೆಯೊಂದರಲ್ಲಿ ಡಾಕ್ಟರುಗಳಿಗೆ ಯಂತ್ರ ತೋರಿಸುವ ದಿನ ಬಂತು. ಚೂರೂ ಅಪಾಯವಿಲ್ಲ ಎಂದು ಮ್ಯಾನೇಜರ್ ಭಾಷಣ ಮುಗಿಸಿದ. ನಾನು ಬೆಳಕು ಹೊತ್ತಿಸಿ, ಕಡ್ಡಿ ಹಿಡಿದು ಅವನ ಎದುರಿಗೇ ಹೋಗಿ ನಿಂತೆ.

"ಹಾಗಾದ್ರೆ ಮೊದಲು ನಿಮ್ಮ ಕೆನ್ನೆಗೇ ಇಡ್ತೀನಿ ಸಾರ್. ಬಾಯಿ ತೆಗೀರಿ."

ಅವನು ನಗಲು ನೋಡಿದ. ನಾನು ನಗಲಿಲ್ಲ. ಕಡ್ಡಿ ಹತ್ತಿರ ತಂದೆ. ಅವನ ಕೈ ತಾನಾಗಿ ಮೇಲೆದ್ದು ಬಾಯಿಗೆ ಅಡ್ಡ ಬಂತು.

"ಯಾಕ್ರೀ, ಸುಡ್ತದಾ?" ಎಂದರು ಹಿರಿಯ ಡಾಕ್ಟರು.

ಉತ್ತರ ನಾನು ಕೊಟ್ಟೆ, ನಡುವಿನ ಕೋಶಗಳ ಕಥೆಯನ್ನೆಲ್ಲ ಹೇಳಿದೆ. ಯಂತ್ರ ವಾಪಸು ಬಂತು. ಆಮೇಲೆ ಬೆಳಕನ್ನು ಬಲೆ ಹೆಣೆದಂತೆ ಅಡ್ಡಡ್ಡ ಓಡಿಸಿದೆ, ನಡುವಿನವೂ ಬದುಕಿದವು. ಮ್ಯಾನೇಜರ್ ಕಂಪನಿ ಬಿಟ್ಟ.

ಅಂದು ಆ ಆಸ್ಪತ್ರೆಯಿಂದ ನಾನು ನೇರವಾಗಿ ಹೋದದ್ದು ಬಿಸಿಲೆಗೆ. ಅಕ್ಕ ಹುಲ್ಲು ಬೇಯಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಕೈ ಅಡ್ಡ ಹಿಡ್ಕೊಬುಟ್ನಾ?"

"ಹಿಡ್ಕೊಂಡ."

"ಎಲ್ರ ಮುಂದೆ?"

"ಎಲ್ರ ಮುಂದೆ."

"ಇನ್ನೊಂದ್ಸಲ ಹೇಳು ಮಾರಾಯ್ತಿ."

ಹೇಳಿದೆ. ತಾಯಿಯನ್ನು ಕರೆದು ಅವಳಿಗೂ ಹೇಳಿಸಿದಳು. ಮುಂದೆ ನಾನು ಹೋದಾಗಲೆಲ್ಲ ಅದೇ ಕಥೆ ಬೇಕು ಅವಳಿಗೆ. ಒಮ್ಮೆಯೂ ಅವನ ಮೇಲೆ ಕನಿಕರ ತೋರಲಿಲ್ಲ. ಅದಕ್ಕೇ ಅವಳು ನನಗೆ ಇನ್ನಷ್ಟು ಹತ್ತಿರವಾದಳು.

ಹೋದ ವರ್ಷ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಅಕ್ಕ ಹೋಗಿಬಿಟ್ಟಳು...

ಆ ಮ್ಯಾನೇಜರ್ ಈಗ ಬೇರೆ ಊರಿನಲ್ಲಿ ಜೀವಕೋಶಗಳ ಸುರಕ್ಷತೆ ಕುರಿತೇ ಪಾಠ ಮಾಡುತ್ತಾನಂತೆ. ಮೊನ್ನೆ ಆ ಬಸ್ಸು ಹತ್ತುವ ಮುಂಚೆಯಷ್ಟೇ ತಿಳಿಯಿತು. ಮೈ ಉರಿಯಿತು. ಇದನ್ನು ಅಕ್ಕನಿಗೆ ಹೇಳಬೇಕು, ಇಬ್ಬರೂ ಸೇರಿ ಅವನಿಗೆ ಹಿಡಿಶಾಪ ಹಾಕಬೇಕು ಎಂದುಕೊಂಡೇ ಸಕಲೇಶಪುರದಲ್ಲಿ ಇಳಿದೆ. ಬಿಸಿಲೆಯ ಬಸ್ಸು ಹೊರಡಲು ನಿಂತಿತ್ತು. ಬಾಗಿಲ ತನಕ ಹೋದವಳು ಹತ್ತಲಿಲ್ಲ.