ನಡು ಕೆಡ್ಡಸದ ದಿನ ಕೇಳಿದ ಸದ್ದು

ಅಣ್ಣನ ಹುಲ್ಲು ಕತ್ತರಿಸುವ ಮಿಷನ್ ಶುರುವಾಗುವ ಮೊದಲು ಎರಡು ಸಲ ಕೆಮ್ಮುತ್ತದೆ. ಹಗ್ಗ ಎಳೆದಾಗ ಒಮ್ಮೆ, ಮತ್ತೆ ಎಳೆದಾಗ ಇನ್ನೊಮ್ಮೆ. ಮೂರನೆಯ ಎಳೆತಕ್ಕೆ ಹಿಡಿದುಕೊಳ್ಳುತ್ತದೆ. ಶಕ್ತಿನಗರದ ನಮ್ಮ ಸಾಲಿನಲ್ಲಿ ಈಗ ನಾಲ್ಕು ಮನೆಗಳಲ್ಲಿ ಇಂಥ ಮಿಷನ್ ಇದೆ. ಬೇರೆ ಯಾವುದೂ ಹಾಗೆ ಕೆಮ್ಮುವುದಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ.

ನಮ್ಮದು ಒಂದೇ ಜಾಗದಲ್ಲಿ ಎರಡು ಮನೆ. ನಡುವೆ ಗೋಡೆಯಿಲ್ಲ. ಹಳೆಯದರಲ್ಲಿ ಅಮ್ಮ ಮತ್ತು ನಾನು, ಹೊಸದರಲ್ಲಿ ಅಣ್ಣ ಮತ್ತು ಅತ್ತಿಗೆ. ಅಣ್ಣ ಗಲ್ಫ್ ಬಿಟ್ಟು ಬಂದ ವರ್ಷವೇ ಮಿಷನ್ ತಂದ. ಅದಕ್ಕೆ ಮೊದಲು ಮಳೆ ಮುಗಿದ ಮೇಲೆ ಹತ್ತಿರದ ಕುಲಶೇಖರದಿಂದ ಒಬ್ಬಳು ಹೆಂಗಸು ಕತ್ತಿ ಹಿಡಿದು ಬಂದು ಹುಲ್ಲು ಕೊಯ್ದು, ತನ್ನ ದನಕ್ಕೆಂದು ಹೊರೆ ಕಟ್ಟಿಕೊಂಡು ಹೋಗುತ್ತಿದ್ದಳು. ಅವಳ ಕೆಲಸದ ಸದ್ದು ನನಗೆ ನೆನಪಿಲ್ಲ. ಮಿಷನ್ನಿನದು ಮನೆಯ ಗೋಡೆ ದಾಟಿ ಒಳಗೆ ಬರುತ್ತದೆ. ಸಣ್ಣ ಕಲ್ಲುಗಳು ಹಾರಿ ಕಿಟಕಿಗೆ ಬಡಿಯುತ್ತವೆ, ಪೆಟ್ರೋಲಿನ ವಾಸನೆ ಅಮ್ಮನ ಕೋಣೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಮ್ಮನಿಗೆ ನಿದ್ದೆ ಬರುವುದು ಬೆಳಗ್ಗೆ ಮಾತ್ರ. ಸಂಜೆ ನಾಲ್ಕು ಗಂಟೆಯ ನಂತರ ಶುರು ಮಾಡು ಎಂದು ಅಣ್ಣನಿಗೆ ಎಷ್ಟೋ ಸಲ ಹೇಳಿದ್ದೆ. ಕೆಲವು ದಿನ ಹಾಗೆಯೇ ಮಾಡಿದ, ಕೆಲವು ದಿನ ಮರೆತ. ಮರೆತದ್ದು ಎಂದೇ ಆಗ ನಾನು ತಿಳಿದುಕೊಂಡಿದ್ದೆ.

ಕೆಡ್ಡಸ ನಮ್ಮ ಕಡೆ ಮೂರು ದಿನ. ಆ ದಿನಗಳಲ್ಲಿ ಭೂಮಿ ಮುಟ್ಟಾಗಿರುತ್ತಾಳೆ. ನೆಲ ಅಗೆಯಬಾರದು, ಹಸಿರು ಕಡಿಯಬಾರದು. ಅಮ್ಮನ ಎಷ್ಟೋ ವ್ರತ, ನೇಮಗಳು ಹಾಸಿಗೆ ಹಿಡಿದ ಮೇಲೆ ತಾವಾಗಿಯೇ ಬಿಟ್ಟುಹೋದವು. ಇದೊಂದನ್ನು ಅವಳು ಬಿಟ್ಟಿರಲಿಲ್ಲ. ಕೆಡ್ಡಸದ ಹಿಂದಿನ ದಿನ ಅಣ್ಣ ಬಂದಾಗ ಅವನ ಮಣಿಕಟ್ಟು ಹಿಡಿದುಕೊಂಡಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಆದಷ್ಟು ಹಾಗೆಯೇ ಇಳಿಸುತ್ತಿದ್ದೇನೆ.

"ಮೂರು ದಿನ ನಿನ್ನ ಮಿಷನ್ ತೆಗಿಬೇಡ ಮಗ. ಒಂದು ಕಡ್ಡಿ ಕೂಡ ಬೀಳಬಾರದು."

"ಇಲ್ಲಮ್ಮ. ಶೆಡ್ಡಿಂದ ಹೊರಗೆ ತರುವುದೇ ಇಲ್ಲ. ಭೂಮಿಗೂ ರಜೆ, ನನಗೂ ರಜೆ."

"ನಿನಗೆ ವರ್ಷ ಇಡೀ ರಜೆಯೇ ಅಲ್ವಾ."

ಅಣ್ಣ ನಕ್ಕ. ಅಮ್ಮ ನಗಲಿಲ್ಲ. "ಹೇಳು" ಎಂದಳು.

"ತೆಗೆಯುವುದಿಲ್ಲ" ಎಂದ. ಅವನ ಕೈ ಅವಳ ಕೈಯಲ್ಲೇ ಇತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

ಮೊದಲ ದಿನ ಏನೂ ಇಲ್ಲ. ಅಮ್ಮ ಹತ್ತು ಗಂಟೆಯವರೆಗೆ ನಿದ್ದೆ ಮಾಡಿದಳು. ಎರಡನೆಯ ದಿನ, ನಡು ಕೆಡ್ಡಸ, ನಾನು ಅವಳಿಗೆ ಗಂಜಿ ಬಡಿಸುತ್ತಿದ್ದೆ. ಒಂದು ಕೆಮ್ಮು ಕೇಳಿತು. ಸೌಟು ನನ್ನ ಕೈಯಲ್ಲೇ ಇತ್ತು. ಎರಡನೆಯ ಕೆಮ್ಮು. ಆಮೇಲೆ ಹಿಡಿದುಕೊಂಡಿತು.

ಹಿತ್ತಲಿಗೆ ಹೋದೆ. ಅಣ್ಣನ ಮನೆಯ ಹಿಂದೆ, ಒಣಗಿದ ಮುಳಿಹುಲ್ಲು ಸೊಂಟದೆತ್ತರ ಬೆಳೆದಿದ್ದಲ್ಲಿ, ಗುರುತಿಲ್ಲದ ಒಬ್ಬ ಗಂಡಸು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಮಿಷನ್ ಬೀಸುತ್ತಿದ್ದ. ಕಿತ್ತಳೆ ಬಣ್ಣದ ಮಿಷನ್, ಹಿಡಿಗೆ ಅಣ್ಣ ಸುತ್ತಿದ ನೀಲಿ ಟೇಪು. ಕೈಬೀಸಿ ನಿಲ್ಲಿಸಲು ಹೇಳಿದೆ. ಅವನು ಆರಿಸಿ, ಕಿವಿಗೆ ತುರುಕಿದ್ದ ಹತ್ತಿ ತೆಗೆದ.

"ಎಂತ ಅಕ್ಕ?"

"ಯಾರು ಹೇಳಿದ್ದು ಇವತ್ತು?"

"ನಿಮ್ಮ ಅಣ್ಣ. ನನಗೆ ಇವತ್ತು ಬಿಟ್ಟರೆ ಹದಿನೈದು ದಿನ ಪುರುಸೊತ್ತಿಲ್ಲ. ಮಿಷನ್ ತೆಗೆದಿಟ್ಟು, ಎಣ್ಣೆ ಪೆಟ್ರೋಲ್ ಬೆರೆಸಿ ಕೊಟ್ಟು ಹೋಗಿದ್ದಾರೆ." ಹತ್ತಿಯನ್ನು ಬೆರಳಲ್ಲಿ ಉಂಡೆ ಮಾಡುತ್ತಾ, "ಕೆಡ್ಡಸ ಅಂತ ನಾನು ಹೇಳಿದೆ ಅಕ್ಕ. ಮನೆಯಲ್ಲಿ ಯಾರೂ ಅದೆಲ್ಲ ನೋಡುವುದಿಲ್ಲ ಅಂದರು" ಎಂದ.

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು.

"ಅಣ್ಣ, ಮಿಷನ್ ಸದ್ದು ಕೇಳ್ತಾ ಉಂಟು."

"ನಾನು ತೊಕ್ಕೊಟ್ಟಿನಲ್ಲಿದ್ದೇನೆ ಮಾರಾಯ್ತಿ. ನಮ್ಮದಲ್ಲ. ಆಚೆ ಮನೆಯದ್ದಿರಬೇಕು."

ನನ್ನ ಮುಂದೆ ಎರಡು ಮಾರು ದೂರದಲ್ಲಿ ಆ ನೀಲಿ ಟೇಪು ಇತ್ತು. "ಅಮ್ಮ ಕೇಳಿದರೆ?" ಎಂದೆ.

"ಆಚೆ ಮನೆಯದ್ದು ಅಂತ ಹೇಳು. ಅವಳಿಗೆ ಎಲ್ಲಿ ಗೊತ್ತಾಗ್ತದೆ."

ಸಿಟ್ಟು ಆಗ ಬರಲಿಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ. ಅವನು ಮರೆತಿರಲಿಲ್ಲ. ಪೆಟ್ರೋಲ್ ಬೆರೆಸಿಟ್ಟು, ಸದ್ದು ಕೇಳದ ಕಡೆ ಹೋಗಿ ನಿಂತಿದ್ದ. ಆ ಮನುಷ್ಯನಿಗೆ ಹೋಗಲು ಹೇಳಿದೆ. ಅವನು ತಕರಾರು ಮಾಡಲಿಲ್ಲ, ಮಿಷನ್ನನ್ನು ಶೆಡ್ಡಿಗೆ ಒರಗಿಸಿ ಹೋದ. ಅಷ್ಟರಲ್ಲಿ ಅರ್ಧ ಹಿತ್ತಲು ಬೋಳಾಗಿತ್ತು. ಕತ್ತರಿಸಿದ ಕಡೆಯಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು.

ಒಳಗೆ ಬಂದಾಗ ಅಮ್ಮ ಗಂಜಿ ಮುಟ್ಟಿರಲಿಲ್ಲ.

"ಯಾರ ಮನೆಯದ್ದು?" ಎಂದು ಕೇಳಿದಳು.

"ಆಚೆ ಮನೆಯದ್ದು" ಎಂದೆ. ಅಣ್ಣ ಹೇಳಿಕೊಟ್ಟ ಮಾತು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬಂತು. ಅಮ್ಮ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆ ದಿನ ನಿದ್ದೆಯನ್ನೂ ಮಾಡಲಿಲ್ಲ.

ಕಡೆಯ ದಿನ ಭೂಮಿಗೆ ಸ್ನಾನ. ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ, ಎಣ್ಣೆ, ಅರಿಶಿನ, ಕುಂಕುಮ ಹಾಕುತ್ತೇವೆ. ಅಮ್ಮನನ್ನು ಅಂಗಳಕ್ಕೆ ಎತ್ತಿಕೊಂಡು ಬರುವುದು ಅಣ್ಣನೇ, ನನ್ನಿಂದ ಆಗುವುದಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು ಬಂದ. ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದ. ನನ್ನ ಮುಖ ನೋಡಲಿಲ್ಲ. ಅಮ್ಮ ಬಾಗಿ ಎಣ್ಣೆ ಬಿಟ್ಟಳು. ಗಿಂಡಿಯಲ್ಲಿ ಸ್ವಲ್ಪ ಉಳಿಯಿತು.

"ನಿನ್ನೆ ಮಿಷನ್ ಬಿಟ್ಟದ್ದು ಯಾರು?" ಎಂದು ಅವನನ್ನು ಕೇಳಿದಳು.

"ಆಚೆ ಮನೆಯವರು."

"ಹಾಗಾದರೆ ಈ ಎಣ್ಣೆ ಅವರಿಗೆ ಕೊಟ್ಟು ಬಾ. ಅವರ ನೆಲಕ್ಕೂ ಬೀಳಲಿ. ಗಾಯ ಆಗಿರ್ತದೆ."

ಅಣ್ಣ ಗಿಂಡಿ ಹಿಡಿದು ಗೇಟಿನ ಹೊರಗೆ ಹೋದ. ಅಮ್ಮ ಕೂತಲ್ಲಿಗೆ ರಸ್ತೆ ಕಾಣುವುದಿಲ್ಲ. ನಾನು ನಿಂತಲ್ಲಿಗೆ ಕಾಣುತ್ತದೆ. ಅವನು ಆಚೆ ಮನೆಯವರೆಗೆ ಹೋಗಲಿಲ್ಲ. ಚರಂಡಿಯ ಚಪ್ಪಡಿ ಕಲ್ಲಿನ ಸಂದಿಗೆ ಎಣ್ಣೆ ಸುರಿದ. ಸ್ವಲ್ಪ ಹೊತ್ತು ಅಲ್ಲೇ ನಿಂತು ಫೋನ್ ನೋಡಿದ. ಆಮೇಲೆ ಬಂದ.

"ಕೊಟ್ಟೆ" ಎಂದ.

"ಎಂತ ಹೇಳಿದರು?"

"ಎಂತ ಇಲ್ಲ. ಖುಷಿಯಾಯ್ತು ಅವರಿಗೆ."

ಆಚೆ ಮನೆಗೆ ಹೊರಗಿನಿಂದ ಬೀಗ ಹಾಕಿ ನಾಲ್ಕು ದಿನವಾಗಿತ್ತು. ಹೋಗುವಾಗ ಆ ಮನೆಯಾಕೆ ಅಮ್ಮನ ಹತ್ತಿರ ಬಂದು, ಮಗಳ ಬಾಣಂತನಕ್ಕೆ ಹೋಗುತ್ತೇನೆ ಎಂದು ಹೇಳಿ ಹೋಗಿದ್ದಳಂತೆ. ನನಗೆ ಇದು ಗೊತ್ತಾದದ್ದು ಮಾರನೆಯ ದಿನ, ಅಮ್ಮನ ಬಾಯಿಂದಲೇ. ಆ ಹೊತ್ತಿಗೆ ಅಣ್ಣನಿಗೂ ಗೊತ್ತಿರಲಿಲ್ಲ.

ಅಮ್ಮ ತಲೆಯಾಡಿಸಿದಳು. ಅವಳನ್ನು ಒಳಗೆ ಒಯ್ಯಲೆಂದು ಅಣ್ಣ ಬಾಗಿ ಎರಡೂ ಕೈ ಚಾಚಿದ. ಅವಳು ಅವನ ಪಕ್ಕದಿಂದ ನನ್ನ ಕಡೆ ನೋಡಿದಳು.

"ನೀನು ಹಿಡಿ" ಎಂದಳು.

"ಅವಳಿಂದ ಆಗ್ತದಾ ಅಮ್ಮ, ಬೀಳ್ತೀರಿ ಇಬ್ಬರೂ" ಎಂದ ಅಣ್ಣ.

ಅಮ್ಮ ಕುರ್ಚಿಯಿಂದ ನನ್ನ ಕಡೆಗೆ ಬಾಗಿದಳು. ನನ್ನ ಕುತ್ತಿಗೆಗೆ ಎರಡೂ ಕೈ ಹಾಕಿದಳು. ಅಂಗಳದಿಂದ ಕೋಣೆಗೆ ಹದಿನಾಲ್ಕು ಹೆಜ್ಜೆ. ಮೂರು ಕಡೆ ಗೋಡೆಗೆ ಒರಗಿ ನಿಂತೆವು. ಅಣ್ಣ ಹಿಂದೆಯೇ ಬರುತ್ತಿದ್ದ, ಹೊಸ್ತಿಲಿನವರೆಗೆ.